ಮ್ಯಾಲ ಯಾವ ದೇವ್ರು ಹಾಕ್ಲಿ?

ಇವತ್ತು ಬೆಳಿಗ್ಗೆ ಚಹಾ ಕುಡಿಯುತ್ತ ಕೂತಿದ್ದಾಗ ಮೊಬೈಲಿಗೆ ಒಂದು ಲಗ್ನಪತ್ರಿಕೆ ಬಂತು. ಹಿಂದಿನ ಓಣಿಯವರ ಮಗಳ ಮದುವೆ. ಬೆರಳು ತಾಗಿದ್ದೇ ತಡ, ಶಹನಾಯಿ ಶುರುವಾಯಿತು. ಬಾಗಿಲು ತೆರೆಯಿತು, ಗಣಪತಿ ಬಂದು ಕಿವಿ ಅಲ್ಲಾಡಿಸಿದ, ಮೇಲಿನಿಂದ ಗುಲಾಬಿ ಪಕಳೆಗಳು ಸುರಿದವು. ಅವು ಸುರಿದು ಮುಗಿಯುವಷ್ಟರಲ್ಲಿ ನನ್ನ ಚಹಾ ಆರಿತ್ತು. ಮದುವೆ ಯಾವ ದಿನ ಎಂಬುದು ಮಾತ್ರ ಇನ್ನೂ ತಿಳಿದಿರಲಿಲ್ಲ. ಅಭ್ಯಾಸಬಲ ನೋಡಿ, ಅಷ್ಟರಲ್ಲಿ ನಾನು ಮೊಬೈಲನ್ನು ಮೂಗಿನ ಹತ್ತಿರ ಹಿಡಿದಿದ್ದೆ. ಏನೂ ವಾಸನೆ ಬರಲಿಲ್ಲ.

ನಗಬೇಡಿ. ಲಗ್ನಪತ್ರಿಕೆ ಮೂಸುವುದು ನನಗೆ ಚಿಕ್ಕಂದಿನಿಂದ ಅಂಟಿದ ಚಟ. ನನ್ನ ಕಾಕಾನದು, ಅಂದರೆ ಅಪ್ಪನ ತಮ್ಮನದು, ಕಲಬುರಗಿಯ ಕಾಳಿನ ಪೇಟೆಯಾದ ನೆಹರು ಗಂಜಿನ ಹಿಂದಿನ ಸಂದಿಯಲ್ಲಿ ಒಂದು ಸಣ್ಣ ಪ್ರೆಸ್ಸಿತ್ತು. ಗಂಜಿನಲ್ಲಿ ತೊಗರಿ ಸುರಿಯುವ ದಿನಗಳಲ್ಲಿ ಅದರ ಧೂಳು ಸಂದಿಗೂ ಬಂದು, ಹಸಿ ಮಸಿಯ ಮೇಲೆ ಕೂತು, ಅಕ್ಷರಗಳಿಗೆ ಸಣ್ಣ ಮೀಸೆ ಮೂಡಿಸುತ್ತಿತ್ತು. ಮಸಿ, ಅಚ್ಚಿನ ಮೊಳೆ ಒರೆಸುವ ಸೀಮೆಎಣ್ಣೆ, ತೊಗರಿಯ ಧೂಳು: ಈ ಮೂರೂ ಕೂಡಿದ ವಾಸನೆಯೇ ನನ್ನ ಮಟ್ಟಿಗೆ ಮದುವೆಯ ವಾಸನೆ. ಮಲ್ಲಿಗೆಯದೆಲ್ಲ ಆಮೇಲಿನದು.

ಪ್ರೆಸ್ಸಿಗೆ ಹೆಸರು ಇಟ್ಟವರು ನಮ್ಮ ಮುತ್ಯಾ, ಅಪ್ಪನ ಅಪ್ಪ. ಮನೆದೇವರಾದ ಮಲ್ಲಯ್ಯನ ಹೆಸರನ್ನು ಬೋರ್ಡಿನ ತುಂಬ ಬರೆಸಿ, ಕೆಳಗೆ ಸಣ್ಣದಾಗಿ ‘ಪ್ರಿಂಟಿಂಗ್ ಪ್ರೆಸ್’ ಎಂದು ಹಾಕಿಸಿದ್ದರಂತೆ. ನಮ್ಮೂರಿನ ಬಿಸಿಲು ನಿಮಗೆ ಗೊತ್ತೇ ಇದೆ. ಮೊದಲು ಮಾಸಿದ್ದು ದೇವರ ಹೆಸರು. ಕಡೆಗೆ ‘ಪ್ರಿಂಟಿಂಗ್ ಪ್ರೆಸ್’ ಅಷ್ಟೇ ಉಳಿಯಿತು. ಮತ್ತೆ ಬಣ್ಣ ಹೊಡೆಸಬಾರದೇ ಎಂದು ಯಾರಾದರೂ ಕೇಳಿದರೆ ಕಾಕಾ ಹೇಳುತ್ತಿದ್ದ, “ನಾ ಏನ್ ಅವಗ ಹೋಗು ಅಂದಿಲ್ರೀ. ತಾನಾಗೇ ಹೋಗ್ಯಾನ. ಬಂದ್ರ ಬರ್ಲಿ.”

ಕಾಕಾ ದೇವರನ್ನು ನಂಬುತ್ತಿರಲಿಲ್ಲ. ಇದು ಗಂಜಿಗೆಲ್ಲ ಗೊತ್ತಿದ್ದ ಸಂಗತಿ. ಆದರೆ ಗಂಜಿನ ಸುತ್ತ ಯಾವ ಮದುವೆಯಾದರೂ, ಪತ್ರಿಕೆಯ ನೆತ್ತಿಯ ಮೇಲೆ ದೇವರನ್ನು ಕೂಡಿಸುತ್ತಿದ್ದವನು ಅವನೇ. ಗಿರಾಕಿ ಬಂದು ಕೂತ ಕೂಡಲೇ ಅವನ ಮೊದಲ ಪ್ರಶ್ನೆ, “ಮ್ಯಾಲ ಯಾವ ದೇವ್ರು ಹಾಕ್ಲಿ?” ಅವನ ಮೇಜಿಗೆ ಒಂದು ದೊಡ್ಡ ಖಾನೆ ಇತ್ತು. ಅದರಲ್ಲಿ ಕಟ್ಟಿಗೆಯ ತುಂಡಿಗೆ ಜಡಿದ ಗಣಪತಿ, ಯಲ್ಲಮ್ಮ, ಶಿವಲಿಂಗ, ಬುದ್ಧ, ಚಂದ್ರ-ತಾರೆ, ಶಿಲುಬೆ ಎಲ್ಲ ಅಚ್ಚುಗಳು ಒಂದರ ಮೈಮೇಲೊಂದು ಬಿದ್ದಿರುತ್ತಿದ್ದವು. ಗಣಪತಿಗೆ ಕೆಲಸ ಹೆಚ್ಚು. ಪಾಪ, ಸೊಂಡಿಲು ಸವೆದುಹೋಗಿತ್ತು. ಶಾಲೆ ಬಿಟ್ಟ ಮೇಲೆ ನಾನು ಅಲ್ಲಿಗೆ ಹೋಗಿ ಸೀಮೆಎಣ್ಣೆಯ ಚಿಂದಿಯಿಂದ ದೇವರುಗಳ ಮುಖ ಒರೆಸುತ್ತಿದ್ದೆ. ನಮ್ಮ ಮನೆಯಲ್ಲಿ ಅಷ್ಟು ದೇವರುಗಳ ಸೇವೆ ಮಾಡಿದವಳು ನಾನೊಬ್ಬಳೇ ಇರಬೇಕು.

“ಕಾಕಾ, ದೇವ್ರು ಇದ್ದಾನೋ ಇಲ್ಲೋ?” ಎಂದು ಒಮ್ಮೆ ಕೇಳಿದ್ದೆ.

“ಖಾನ್ಯಾಗ ನೋಡು. ಇದ್ರ ಇರ್ತಾನ,” ಎಂದಿದ್ದ, ಮೊಳೆ ಜೋಡಿಸುತ್ತಲೇ.

ಆ ಮಾತಿನ ಪ್ರಭಾವದಿಂದ ನಾನೂ ಆ ವಾರ ನಾಸ್ತಿಕಳಾದೆ. ಆದರೆ ಗಣಿತದ ಪರೀಕ್ಷೆ ಹತ್ತಿರ ಬಂತು. ನಾಸ್ತಿಕತೆಯನ್ನು ಪರೀಕ್ಷೆ ಮುಗಿದ ಮೇಲೆ ಮುಂದುವರಿಸೋಣ ಎಂದು ಕಾಕಿಯ ಪಕ್ಕ ಹೋಗಿ ಕೈಮುಗಿದು ನಿಂತೆ. ಕಾಕಿ ನೇಮನಿಷ್ಠೆಯವಳು. ಸಂಜೆ ದೀಪ ಹಚ್ಚುವಾಗ ಕಡ್ಡಿಪೆಟ್ಟಿಗೆ ಸಿಗುತ್ತಿರಲಿಲ್ಲ. ಬೀಡಿ ಸೇದುವ ಕಾಕಾನ ಜೇಬಿನಲ್ಲಿ ಅದು ಇರುತ್ತಿತ್ತು. ಅವನು ಕಡ್ಡಿ ಗೀರಿ ಹಿಡಿಯುತ್ತಿದ್ದ, ಅವಳು ಬತ್ತಿ ತಾಗಿಸುತ್ತಿದ್ದಳು. “ನಂಬದವರ ಕೈಲೇ ಹಚ್ಚಿಸ್ಕೋತಾನ ನೋಡ್ರಿ ನಮ್ಮಪ್ಪ ಮಲ್ಲಯ್ಯ. ನೀವು ನಂಬದಿದ್ರ ಅವಗೇನ್ ಲುಕ್ಸಾನಿಲ್ಲ,” ಎನ್ನುತ್ತಿದ್ದಳು ಕಾಕಿ. “ನನಗೂ ಇಲ್ಲ,” ಎಂದು ಕಾಕಾ ಅದೇ ಕಡ್ಡಿಯಿಂದ ಬೀಡಿ ಹಚ್ಚಿಕೊಳ್ಳುತ್ತಿದ್ದ. ಅವರಿಬ್ಬರ ಸಂಸಾರದಷ್ಟು ನಗೆಯಿದ್ದ ಸಂಸಾರವನ್ನು ನಾನು ಕಂಡಿಲ್ಲ.

ಆದರೆ ಒಂದು ಮಾತು. ಯಾಕೆ ನಂಬುವುದಿಲ್ಲ ಎಂದು ಕೇಳಿದರೆ ಕಾಕಾ ತಮಾಷೆ ಮಾಡುತ್ತಿದ್ದನೇ ಹೊರತು ಉತ್ತರ ಹೇಳುತ್ತಿರಲಿಲ್ಲ. ಅಪ್ಪನ ಎದುರಿಗೆ ಕೇಳಿದರಂತೂ ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತಿದ್ದರು. ಅಪ್ಪ ಹೈಸ್ಕೂಲು ಹೆಡ್‌ಮಾಸ್ತರು. ಸೋಮವಾರ ಉಪವಾಸ, ಹಣೆಯಲ್ಲಿ ಮೂರು ಬೆರಳಿನ ವಿಭೂತಿ. ಅಣ್ಣತಮ್ಮಂದಿರು ದಿನಾ ಸಂಜೆ ಪ್ರೆಸ್ಸಿನಲ್ಲಿ ಕೂತು ಒಟ್ಟಿಗೆ ಚಹಾ ಕುಡಿಯುತ್ತಿದ್ದರು; ತೊಗರಿಯ ಧಾರಣೆ, ಎಲೆಕ್ಷನ್ನು ಎಲ್ಲ ಮಾತಾಡುತ್ತಿದ್ದರು. ದೇವರ ವಿಷಯ ಮಾತ್ರ ಅವರ ನಡುವೆ ಬರುತ್ತಿರಲಿಲ್ಲ.

ಅದು ಬಂದದ್ದು ನನ್ನಿಂದ. ನಾನೂ ಮಾಸ್ತರಿಣಿಯಾಗಿ, ನಮ್ಮ ಶಾಲೆಯಲ್ಲೇ ಗಣಿತ ಕಲಿಸುತ್ತಿದ್ದ ಸಿದ್ಧಾರ್ಥನನ್ನು ಮೆಚ್ಚಿಕೊಂಡೆ. ಗಣಿತದ ಮೇಲಿನ ಹಳೆಯ ಹೆದರಿಕೆ ಹೀಗೆ ತಿರುಗೀತು ಎಂದು ಯಾರಿಗೆ ಗೊತ್ತಿತ್ತು? ಅವನು ನಗುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಆ ಹೊತ್ತಿನಲ್ಲಿ ಅವನನ್ನು ಬೇಕಾದಷ್ಟು ನೋಡಬಹುದಿತ್ತು. ಅವನ ಮನೆ ತಾಜಸುಲ್ತಾನಪುರದಲ್ಲಿ. ಬೌದ್ಧರು. ಅವನ ತಾಯಿ ಚಂದ್ರಭಾಗಾಬಾಯಿ ಅಲ್ಲಿನ ಬಾಲವಾಡಿಯಲ್ಲಿ ಮಕ್ಕಳಿಗೆ ಕಲಿಸುತ್ತಿದ್ದರು.

ಅಪ್ಪ ಬೇಡ ಅನ್ನಲಿಲ್ಲ. ಬೇಡ ಅಂದಿದ್ದರೆ ಜಗಳವಾಡಬಹುದಿತ್ತು. “ಮಾಡ್ಕೋವ್ವ. ಆದ್ರ ಕಾರ್ಡಿನ ಮ್ಯಾಲ ನಮ್ಮ ಮಲ್ಲಯ್ಯನ ಹೆಸರಿರಬೇಕು. ಅದಿಲ್ದ ನಮ್ಮನ್ಯಾಗ ಮದಿವಿ ಆಗಿಲ್ಲ. ಅದಕ್ಕ ಅವರು ಒಪ್ಪಿದ್ರ ನಾ ಬರ್ತೀನಿ,” ಎಂದರು. ಅವರು ಒಪ್ಪಲಾರರು ಎಂದು ಅಪ್ಪನಿಗೆ ಗೊತ್ತಿತ್ತು, ಗೊತ್ತಿದ್ದೇ ಹೇಳಿದ್ದರು. ನಾನು ಅಳುತ್ತ ಪ್ರೆಸ್ಸಿಗೆ ಹೋದೆ.

ಕಾಕಾ ನನ್ನ ಕೈಗೆ ಒರೆಸುವ ಚಿಂದಿ ಕೊಟ್ಟ. ಕಣ್ಣೊರೆಸಿಕೊಂಡೆ, ಮುಖವೆಲ್ಲ ಮಸಿಯಾಯಿತು. “ನಿಮ್ಮಪ್ಪಗ ದೇವ್ರು ಅಡ್ಡ ಬಂದಿಲ್ಲವ್ವ, ಜಾತಿ ಅಡ್ಡ ಬಂದದ. ಅದನ್ನ ಬಾಯಿಬಿಟ್ಟು ಹೇಳಾಕ ನಾಚಿಕಿ. ಅದಕ್ಕ ದೇವ್ರನ್ನ ಮುಂದ ನಿಂದ್ರಿಸ್ಯಾನ. ಪಾಪ, ಸುಮ್ನ ಇಲ್ದಂವನ ಹೆಸರು ಕೆಡ್ಸಾಕತ್ಯಾನ,” ಎಂದ. ಅವನು ದೇವರ ಪರ ವಹಿಸಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮರುವಾರ ಒಂದು ಸಂಜೆ ಚಂದ್ರಭಾಗಾಬಾಯಿ ತಾವೇ ಪ್ರೆಸ್ಸಿಗೆ ಬಂದರು, ಹಿಂದೆ ಸಿದ್ಧಾರ್ಥ. ಅಪ್ಪ ಎಂದಿನಂತೆ ಚಹಾಕ್ಕೆ ಬಂದು ಕೂತಿದ್ದರು. ನಾನು ಖಾನೆಯ ಹತ್ತಿರ ನಿಂತಿದ್ದೆ. ಎದ್ದು ಹೋಗಲು ಯಾರಿಗೂ ದಾರಿಯಿರಲಿಲ್ಲ, ಆ ಪ್ರೆಸ್ಸು ಅಷ್ಟು ಇಕ್ಕಟ್ಟು. “ಶರಣ್ರೀ,” ಎಂದ ಕಾಕಾ, ಸ್ಟೂಲು ಒರೆಸಿ ಕೊಟ್ಟು, ಒಂದು ಬಸಿ ಚಹಾ ಅವರ ಕಡೆ ಸರಿಸಿ, ರೂಢಿಯಂತೆ ಕೇಳಿಬಿಟ್ಟ, “ಮ್ಯಾಲ ಯಾವ ದೇವ್ರು ಹಾಕ್ಲಿರೀ?”

ಚಂದ್ರಭಾಗಾಬಾಯಿ ಅಪ್ಪನ ಕಡೆ ತಿರುಗಿ ಹೇಳಿದರು. ಸಿಟ್ಟಿರಲಿಲ್ಲ, ಬಾಲವಾಡಿಯ ಮಕ್ಕಳಿಗೆ ಹೇಳುವಷ್ಟು ನಿಧಾನ. “ಗುರುಗಳೇ, ನಿಮ್ಮ ದೇವರ ಮ್ಯಾಲ ನಂದೇನ್ ತಕರಾರಿಲ್ಲ. ಆದ್ರ ಆ ಗುಡಿ ಹೊರಗ ನಿಂತು ನಿಂತು ನಮ್ಮಪ್ಪನ ಕಾಲು ಸೋತಾವ. ಕಾಯಿ ಸೈತ ಹೊರಗಿಂದೇ ಕೊಟ್ಟು ಬರ್ತಿದ್ದ. ಒಳಗಿದ್ದಂವ ಒಮ್ಮೆನೂ ಬಾರಪಾ ಅನ್ಲಿಲ್ಲ. ಹಂತಾವನ ಹೆಸರು ನನ್ನ ಮಗನ ಕಾರ್ಡಿಗಿ ನಾ ಹ್ಯಾಂಗ ಹಾಕಿಸ್ಲಿ, ನೀವೇ ಹೇಳ್ರಿ.”

ಅಪ್ಪ ಬಸಿಯನ್ನು ನೋಡುತ್ತ ಕೂತರು. ಕಾಕಾನಿಗೆ ಮಾತ್ರ ಹಬ್ಬ. ತನ್ನ ಪಕ್ಷಕ್ಕೆ ಒಬ್ಬರು ಸಿಕ್ಕರಲ್ಲ! “ಇದ್ರಲ್ಲೇನ್ರೀ ಬಾ ಅನ್ನಾಕ? ಇಲ್ಲೇ ಇಲ್ಲ ಅಂವ! ಇದ್ದಿದ್ರ ಬಂದು ನಿಂದ್ರತಿದ್ದಿಲ್ಲೇನು? ಕಣ್ಣಿಲ್ಲ, ಕಿವಿಯಿಲ್ಲ, ಕರುಳಿಲ್ಲ...” ಎಂದು ಶುರು ಮಾಡಿದವನು ನಿಲ್ಲಿಸಲೇ ಇಲ್ಲ. ದನಿ ಏರಿತು. ಕುತ್ತಿಗೆಯ ನರ ಉಬ್ಬಿತು. ಚಂದ್ರಭಾಗಾಬಾಯಿ ಚಹಾ ಕುಡಿದು ಬಸಿ ಕೆಳಗಿಟ್ಟರು.

“ಇಲ್ಲ ಅಂತ ನಾವೂ ಅಂತೀವ್ರೀ. ಅಂದು, ಮನಿಗಿ ಹೋಗಿ ಉಂಡು ಮಲಗತೀವಿ. ನಿಮಗ್ಯಾಕ ಇಷ್ಟು ಸಿಟ್ಟು? ಇಲ್ದವನ ಮ್ಯಾಲ ಯಾರಾರ ಸಿಟ್ಟಾಗ್ತಾರೇನು?”

ಗಂಜಿನ ಘಟಾನುಘಟಿಗಳನ್ನೆಲ್ಲ ವಾದದಲ್ಲಿ ಸೋಲಿಸಿದ ಕಾಕಾ ತನ್ನ ಖುರ್ಚಿಯಲ್ಲಿ ಕೂತುಬಿಟ್ಟ. ಕೈಯಲ್ಲಿದ್ದ ಮೊಳೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ನಮಗಾರಿಗೂ ಹೇಳದಂತೆ, ಆ ಮೊಳೆಗೇ ಹೇಳುವಂತೆ ಹೇಳಿದ.

“ನನಗೊಬ್ಬಾಕಿ ಅಕ್ಕ ಇದ್ಳು. ನೀಲಕ್ಕ.”

ನಾನು ಅಪ್ಪನ ಮುಖ ನೋಡಿದೆ. ನನಗೆ ಒಬ್ಬ ಸೋದರತ್ತೆ ಇದ್ದಳೆಂಬುದೇ ನನಗೆ ಗೊತ್ತಿರಲಿಲ್ಲ.

“ಅಣ್ಣ ದೊಡ್ಡಾಂವ, ನಡುವ ಅಕಿ, ಸಣ್ಣಾಂವ ನಾ. ಕಮಲಾಪುರದಾಗ ಒಂದು ಬ್ಯಾಸಿಗ್ಯಾಗ ಜ್ವರ ಬಂತು. ಅವ್ವ ಹೇಳಿದ್ದಕ್ಕೆಲ್ಲ ನಾ ಓಡೋದು. ಮಲ್ಲಯ್ಯಾ ಅಂದೆ. ಯಲ್ಲಮ್ಮಾ ಅಂದೆ. ದರ್ಗಾಕ್ಕ ಹೋಗಿ ಸಕ್ಕರಿ ಓದಿಸ್ಕೊಂಡು ಬಂದೆ. ಒಬ್ಬರ ಕೈಲಿ ಆಗದಿದ್ರ ಇನ್ನೊಬ್ಬರ ಕೈಲಿ ಆದೀತಂತ. ಎಲ್ಲಾ ಹೆಸರ್ಲೆ ಕರದೆ. ಒಂದು ಹೆಸರಿಗೂ ಓ ಅನ್ಲಿಲ್ಲ.” ಅವನು ಮೊಳೆಯನ್ನು ಮೇಜಿನ ಮೇಲಿಟ್ಟ. “ಆಮ್ಯಾಲ ಬಂದವ್ರು ಒಬ್ಬೊಬ್ರು ಒಂದೊಂದು ಅಂದ್ರು. ಪ್ಯಾರ ಇದ್ದವರ್ನ ಲಗೂ ಕರಕೋತಾನ ಅಂದ್ರು. ಹಿಂದಿನ ಪಾಪ ಅಂದ್ರು. ಏನ್ ಪಾಪ ಮಾಡಿದ್ಳು ಅಕಿ? ಮಂದಿ ಗಿಡದಾಗಿನ ಪ್ಯಾರಲ ಹಣ್ಣು ಕದ್ದಿದ್ಳು. ಅದ್ರಾಗ ಅರ್ಧ ನಾ ತಿಂದಿದ್ದೆ. ಮತ್ತ ನನಗ್ಯಾಕ ಬಿಟ್ಟ?”

ಗಂಜಿನ ಕಡೆಯಿಂದ ಹಮಾಲರ ಕೂಗು ಕೇಳುತ್ತಿತ್ತು. ಅಪ್ಪ ಕಾಕಾನ ಕಡೆ ತಿರುಗಿದರು.

“ಅರ್ಧ ಎಲ್ಲಿದು? ಮೂರು ಪಾಲು ಆಗ್ತಿತ್ತು. ನನ್ನ ಪಾಲು ಎಲ್ಲಿ ಹೋತು?”

ಕಾಕಾ ತಲೆಯೆತ್ತಿದ. “ನೀ ಗಿಡದ ಕೆಳಗ ಕಾಯಾಕ ನಿಂತಿರ್ತಿದ್ದಿ. ನಿನಗ ದ್ವಾರಗಾಯಿ.”

“ದ್ವಾರಗಾಯಿ ನಿನಗ! ಹಣ್ಣು ಅಕಿ ನನಗೇ ಕೊಡ್ತಿದ್ಳು. ಲಂಗದಾಗ ಕಟ್ಕೊಂಡು ಇಳೀತಿದ್ಳು...” ಎಂದರು ಅಪ್ಪ. ಅವರು ಕನ್ನಡಕ ತೆಗೆದರು. ಆದರೆ ನಗುತ್ತಿದ್ದರು, ಅಳುತ್ತಲೂ ಇದ್ದರು. ಮೂಗು ಸೋರುತ್ತಿದ್ದ ಹೆಡ್‌ಮಾಸ್ತರರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕಾಕಾನೂ ನಗತೊಡಗಿದ. ಗಿಡದ ಮಾಲಕರು ಬಂದಾಗ ನೀಲಕ್ಕ ಮೇಲಿನ ಕೊಂಬೆಯಲ್ಲೇ ಕೂತು ‘ನಾ ಇಲ್ಲಿಲ್ಲ’ ಎಂದು ಕೂಗಿದ್ದಳಂತೆ. ಅದನ್ನು ಇಬ್ಬರೂ ಒಬ್ಬರ ಬಾಯಿಂದೊಬ್ಬರು ಕಸಿದು ಹೇಳಿದರು. ಸಿದ್ಧಾರ್ಥ ಕಣ್ಣುಮುಚ್ಚಿ ನಕ್ಕ. ಅಷ್ಟು ವರ್ಷ ಆಕೆಯ ಹೆಸರನ್ನು ಮನೆಯಲ್ಲಿ ಯಾರೂ ತೆಗೆದಿರಲಿಲ್ಲ, ಅವ್ವನಿಗೆ ಸಂಕಟವಾದೀತೆಂದು. ಅವ್ವ ಅಂದರೆ ಅವರ ತಾಯಿ, ನಮ್ಮ ಆಯಿ. ಕಮಲಾಪುರದಲ್ಲಿ ಆಗಲೂ ಗಟ್ಟಿಯಾಗಿದ್ದಳು, ಕಣ್ಣು ಮಾತ್ರ ಮಂಜು.

ಕತ್ತಲಾಗುವ ಹೊತ್ತಿಗೆ ಚಂದ್ರಭಾಗಾಬಾಯಿ ಎದ್ದರು. ಕಾರ್ಡಿನ ಮಾತು ಅಲ್ಲಿಗೇ ನಿಂತಿತ್ತು. ಅಪ್ಪನೂ ಎದ್ದು ನಿಂತರು. “ನಿಮ್ಮ ತಂದೆಯವರ ಮಾತು... ಅದು ತಪ್ಪಾಗ್ಯದ್ರೀ. ನಾವೂ ಒಳಗೇ ಇದ್ದಿವಿ,” ಎಂದರು. ಅವರಿಗೆ ಅದು ಬಹಳ ದೊಡ್ಡ ಮಾತು. ಬಾಗಿಲಿಗೆ ಹೋಗಿ, ತಿರುಗಿ ನಿಂತು, ಕಾಕಾನಿಗೆ ಹೇಳಿದರು, “ಮ್ಯಾಲ ಜಾಗ ಬಿಟ್ಟು ಅಚ್ಚ ಹಾಕು. ಆಮ್ಯಾಲ ನೋಡಮಿ.”

ಆ ‘ಆಮ್ಯಾಲ’ ಬರಲೇ ಇಲ್ಲ. ಕಾರ್ಡುಗಳು ನೆತ್ತಿ ಬೋಳಾಗಿಯೇ ಹೊರಬಂದವು. ಕಾಕಾ ಕೈಯಾರೆ ಜೋಡಿಸಿದ್ದ, ಒಂದು ಒತ್ತೂ ತಪ್ಪಿರಲಿಲ್ಲ. ಆದರೂ ಮೇಲಿನ ಆ ಬಿಳಿ ಜಾಗ ಎಲ್ಲರಿಗೂ ಕಣ್ಣಿಗೆ ಚುಚ್ಚುತ್ತಿತ್ತು. ಅಪ್ಪ ತಮ್ಮ ಪಾಲಿನ ಕಾರ್ಡುಗಳನ್ನು ಮುಂದಿಟ್ಟುಕೊಂಡು ಕೆಂಪು ಪೆನ್ನಿನಿಂದ ಒಂದೊಂದಕ್ಕೂ ಮಲ್ಲಯ್ಯನ ಹೆಸರು ಬರೆದರು, ಉತ್ತರಪತ್ರಿಕೆ ತಿದ್ದುವ ಅಕ್ಷರದಲ್ಲಿ. ತಾಜಸುಲ್ತಾನಪುರಕ್ಕೆ ಹೋದವುಗಳ ಮೇಲೆ ಸಿದ್ಧಾರ್ಥ ‘ನಮೋ ಬುದ್ಧಾಯ’ ಬರೆದ. ಎದುರಿನ ಬೈಂಡಿಂಗ್ ಅಂಗಡಿಯ ಖಾಲಿಕ್ ಚಾಚಾ ತಮ್ಮ ಕಾರ್ಡು ತಾವೇ ಇಸಿದುಕೊಂಡು, “ಜಗಾ ಖಾಲಿ ಅದಲಾ, ಬರಕೋತೀನಿ,” ಎಂದು 786 ಹಾಕಿಕೊಂಡರು. ಕಾಕಿ ತನ್ನ ತವರಿಗೆ ಕಳಿಸುವ ಕಾರ್ಡಿನ ಮೇಲೆ ತನಗೆ ಗೊತ್ತಿದ್ದ ದೇವರನ್ನೆಲ್ಲ ಬರೆಯುತ್ತ ಹೋಗಿ, ಮೇಲೆ ಜಾಗ ಮುಗಿದು ಅಂಚಿಗಿಳಿದು, ಅಂಚೂ ಮುಗಿದು ವರನ ಹೆಸರಿನ ಸುತ್ತ ಬಂದಿದ್ದಳು.

ಕಾಕಾ ಅದನ್ನು ದೂರ ಹಿಡಿದು ನೋಡಿದ. “ಇಲ್ದಂವಗ ಎಷ್ಟು ಜಾಗ ಬೇಕಾತು ನೋಡು,” ಎಂದ.

ಮೊದಲ ಕಾರ್ಡನ್ನು ಕಮಲಾಪುರದ ಆಯಿಗೆ ಕೊಡಬೇಕು. ಅಪ್ಪ, ಕಾಕಾ, ನಾನು ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅಣ್ಣತಮ್ಮಂದಿರು ಒಂದೇ ಸೀಟಿನಲ್ಲಿ ಕೂತು ಪಿಸುಗುಡುತ್ತಿದ್ದರು, ಕದ್ದು ಸಿಕ್ಕಿಬಿದ್ದವರಂತೆ. ಕಮಲಾಪುರದಲ್ಲಿ ಇಳಿದರೆ ರಸ್ತೆಯ ಬದಿ ಬುಟ್ಟಿಗಳಲ್ಲಿ ಅಲ್ಲಿನ ಕೆಂಪು ಬಾಳೆಹಣ್ಣು. ನೆಲವೂ ಕೆಂಪು, ಹಣ್ಣೂ ಕೆಂಪು; ಮಣ್ಣೇ ಗೊನೆಯಾಗಿ ತೂಗುತ್ತದೇನೋ ಅನ್ನಿಸುತ್ತದೆ. ಆಯಿ ಪಡಸಾಲೆಯಲ್ಲಿ ಕೂತು ಅವರೆಕಾಳು ಸುಲಿಯುತ್ತಿದ್ದಳು. ಕಾರ್ಡು ಕೈಗೆ ಕೊಟ್ಟೆವು. ಕಣ್ಣು ಕಾಣದವಳು ಬೆರಳಿನಿಂದ ಸವರಿದಳು.

“ಯಾವ ದೇವ್ರು ಹಾಕೀರಿ ಮ್ಯಾಲ?”

ಅಪ್ಪ ಕಾಕಾನ ಮುಖ ನೋಡಿದರು. ಕಾಕಾ ಆಯಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತ. “ಇದರ ಮ್ಯಾಲ ನಾ ಬರದೀನಿ ಯವ್ವಾ. ನೀಲಕ್ಕನ ಹೆಸರು ಬರದೀನಿ.”

ಕಾಳು ಸುಲಿಯುವ ಕೈ ನಿಂತಿತು. ಆಯಿ ಮತ್ತೆ ಕಾರ್ಡಿನ ನೆತ್ತಿಯ ಮೇಲೆ ಬೆರಳಾಡಿಸಿದಳು, ಆ ಅಕ್ಷರಗಳು ಕೈಗೆ ಸಿಗುತ್ತವೆಯೋ ಎಂಬಂತೆ. ಅವಳಿಗೆ ಓದು ಬರುತ್ತಿರಲಿಲ್ಲ.

“ಎಲ್ಲಿ? ಇಲ್ಲೇನು?”

“ಹಾಂ, ಅಲ್ಲೇ.”

“ಛಲೋ ಮಾಡಿದಿ,” ಎಂದಳು ಆಯಿ. ಕಾರ್ಡನ್ನು ಮಡಿಲಿನಲ್ಲಿಟ್ಟುಕೊಂಡು ಹೇಳಿದಳು, “ನಾ ದಿನಾ ಸಂಜಿಗಿ ದೀಪ ಹಚ್ಚೂದು ಯಾರಿಗಂತ ತಿಳಕೊಂಡೀರಿ? ಅಕಿ ಹೆಸರ್ಲೇ ಹಚ್ಚತೀನಿ. ದೇವ್ರಿಗಿ ಅಂತ ನೀವ್ ತಿಳಕೊಂಡೀರಿ. ಇರ್ಲಿ ಬಿಡು, ಅವನೂ ತಿಳಕೊಂಡಿರಬೇಕು.”

ಅಪ್ಪ ಗೋಡೆಗೆ ಒರಗಿ ಕೂತರು. ಕಾಕಾ ಏನಾದರೂ ವಾದ ಹೂಡುತ್ತಾನೆಂದು ಕಾದೆ. ಅವನು ಆಯಿಯ ಮಡಿಲಿನಿಂದ ಒಂದು ಕಾಯಿ ತೆಗೆದುಕೊಂಡು ಸುಲಿಯತೊಡಗಿದ. ಅಪ್ಪನೂ ಕೈಹಾಕಿದರು. ಆ ಮಧ್ಯಾಹ್ನ ಆಯಿ ಮಗಳ ಬಗ್ಗೆ ಮಾತಾಡಿದಳು; ಎಷ್ಟು ಮಾತಾಡಿದಳೆಂದರೆ ಕಾಳು ಮುಗಿಯಿತು, ಊಟವಾಯಿತು, ನಾವು ಹಿಡಿಯಬೇಕಿದ್ದ ಬಸ್ಸು ಹೋಯಿತು. ನನ್ನ ಹಟವೆಲ್ಲ ಥೇಟ್ ನೀಲಕ್ಕನದೇ ಎಂದು ಅಂದು ಗೊತ್ತಾಯಿತು. ಇಷ್ಟು ವರ್ಷ ಅದನ್ನು ಅಮ್ಮನ ಕಡೆಯವರ ಲೆಕ್ಕಕ್ಕೆ ಬರೆದಿದ್ದರು.

ಮದುವೆ ಚೆನ್ನಾಗಿಯೇ ಆಯಿತು. ಅಪ್ಪ ಬಂದರು, ಬಂದು ಬಡಿಸಲಿಕ್ಕೂ ನಿಂತರು. ಬರದಿದ್ದ ಬಂಧುಗಳೂ ಇದ್ದರು. ಅವರಲ್ಲಿ ಕೆಲವರು ಆಮೇಲೆ ಬಂದರು, ಕೆಲವರು ಇವತ್ತಿಗೂ ಬಂದಿಲ್ಲ. ಆಯಿಯ ಪಕ್ಕ ಚಂದ್ರಭಾಗಾಬಾಯಿ ಕೂತು ಹೋಳಿಗೆಗೆ ತುಪ್ಪ ಹಾಕಿಸುತ್ತಿದ್ದರು. ಕಾಕಾ ಎಲ್ಲರೆದುರು ಅವರನ್ನು ತೋರಿಸಿ, “ನನ್ನ ಬಾಯಿ ಮುಚ್ಚಿಸಿದ ಬೀಗತಿ,” ಎಂದು ಪರಿಚಯ ಮಾಡಿಸುತ್ತಿದ್ದ.

ಅದಾದ ಮೇಲೆ ಕಾಕಾ ದೇವರನ್ನು ನಂಬಿದ ಎಂದು ನೀವು ಅಂದುಕೊಂಡರೆ ನನ್ನ ಕಾಕಾ ನಿಮಗೆ ಗೊತ್ತಿಲ್ಲ. ವಾದ ಮಾಡುವುದನ್ನು ಬಿಡಲೇ ಇಲ್ಲ. ಆದರೆ ಕುತ್ತಿಗೆಯ ನರ ಉಬ್ಬುವುದು ನಿಂತಿತು. ಇಲ್ಲ ಎಂದು ಹೇಳಿ, ಮನೆಗೆ ಹೋಗಿ ಉಂಡು ಮಲಗುವುದನ್ನು ಅವನು ಕಲಿತಿದ್ದ.

ಪ್ರೆಸ್ಸು ಮುಚ್ಚಿ ಬಹಳ ಕಾಲವಾಯಿತು. ಅಪ್ಪ ಇಲ್ಲ, ಆಯಿ ಇಲ್ಲ. ಕಾಕಾ ಇದ್ದಾನೆ, ಮೊನ್ನೆ ಕಣ್ಣಿನ ಆಪರೇಶನ್ ಮಾಡಿಸಿಕೊಂಡು, ಕಾಕಿಯೊಂದಿಗೆ ನಮ್ಮ ಮನೆಯಲ್ಲೇ ಇದ್ದಾನೆ. ಪಟ್ಟಿ ಬಿಚ್ಚಿದಾಗ ಎದುರಿಗೆ ಕಾಕಿ ನಿಂತಿದ್ದಳು. ಅವಳನ್ನು ಕಂಡವನೇ “ಯಪ್ಪಾ ದೇವ್ರೇ!” ಎಂದುಬಿಟ್ಟ. ಕಾಕಿ ಕೈ ತಟ್ಟಿ ಕುಣಿದಳು, ಈ ವಯಸ್ಸಿನಲ್ಲಿ. “ಅಂದ್ರಿ! ಅಂದ್ರಿ! ಎಲ್ಲರೂ ಕೇಳೀರಿಲ್ಲೋ?” ಕಾಕಾ ನಾಚಿ, “ನಿನ್ನ ಮಾರಿ ನೋಡಿ ಅಂಜಿ ಅಂದೆ,” ಎಂದ. ಆ ಕರೆ ಸಂತೋಷದ್ದೋ ಅಂಜಿಕೆಯದೋ ಎಂಬ ಜಗಳ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಆರಿದ ಚಹಾ ಬಿಟ್ಟು ನಾನು ಎದ್ದು ಅಂಗಳಕ್ಕೆ ಹೋದೆ. ಕಾಕಾ ಕಪ್ಪು ಕನ್ನಡಕ ಹಾಕಿಕೊಂಡು ಖುರ್ಚಿಯಲ್ಲಿ ಕೂತಿದ್ದ. ಎಷ್ಟೋ ವರ್ಷ ಮಂಜಿನಲ್ಲಿದ್ದವನಿಗೆ ಈಗ ಎಲ್ಲ ಹೊಸದು. ದಿನಾ ಬೆಳಿಗ್ಗೆ ಹೀಗೆ ಕೂತು ಕಂಡದ್ದಕ್ಕೆಲ್ಲ ಹೆಸರು ಹೇಳುತ್ತಾನೆ, ಮಾತು ಕಲಿಯುವ ಕೂಸಿನಂತೆ: ನಿಂಬಿಗಿಡ, ಬಕೀಟು, ಇರುವಿ. ನಾನು ಪಕ್ಕದ ಮೆಟ್ಟಿಲಿನ ಮೇಲೆ ಕೂತೆ.

“ಅದೇನವ್ವ, ಗ್ವಾಡಿ ಮ್ಯಾಲ?”

“ಅಳಿಲು, ಕಾಕಾ.”

ಅಳಿಲು ಮುಂಗಾಲಿನಲ್ಲಿ ಏನನ್ನೋ ಹಿಡಿದು ಕೊರೆಯುತ್ತಿತ್ತು. ಬಿಸಿಲಿನಲ್ಲಿ ಅದರ ಬಾಲದ ಒಂದೊಂದು ಕೂದಲೂ ಬೇರೆ ಬೇರೆ ಕಾಣುತ್ತಿತ್ತು. ಕಾಕಾ ಕನ್ನಡಕವನ್ನು ಸ್ವಲ್ಪ ಎತ್ತಿ, ಕಣ್ಣು ಕಿರಿದು ಮಾಡಿ ನೋಡಿದ. “ಏನ್ ಚಂದ ಅದಲೇ ಇದು!” ಎಂದ. ಅವನ ಮುಖ ಅಷ್ಟು ಬಿಚ್ಚಿಕೊಂಡದ್ದನ್ನು ನಾನು ನೋಡಿ ಬಹಳ ದಿನವಾಗಿತ್ತು. ಕೆಣಕಬೇಕೆನ್ನಿಸಿತು.

“ಯಾರು ಮಾಡ್ಯಾರ ಕಾಕಾ ಅದನ್ನ?”

“ಶ್! ಸುಮ್ನ ಕೂಡು,” ಎಂದ ಕಾಕಾ, ಅಳಿಲಿನಿಂದ ಕಣ್ಣು ತೆಗೆಯದೆ. “ಓಡಿ ಹೋಗ್ತದ.”

ನಾನು ಸುಮ್ಮನೆ ಕೂತೆ.